ಲ್ಯೋಚೆನ್‌ಟಾಲ್: ಯುಂಗ್‌ಫ್ರೌ ಶಿಖರದ ಬೆನ್ನ ಹಿಂದಿನ ಹಳ್ಳಿಗಳ ಕಣಿವೆ

ಸ್ವಿಟ್ಜರ್ಲೆಂಡ್ ಪ್ರವಾಸ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವ ಸ್ಥಳಗಳ ಪಟ್ಟಿ ಚಿಕ್ಕದು. ಇಂಟರ್‌ಲಾಕೆನ್ ಪಟ್ಟಣ, ಯುಂಗ್‌ಫ್ರೌಯೋಖ್‌ಗೆ ಹತ್ತುವ ಹಲ್ಲುಗಾಲಿ ರೈಲು, ಟಿಟ್ಲಿಸ್‌ನ ತಿರುಗುವ ಕೇಬಲ್ ಕಾರ್ ಹಾಗೂ ಹಿಂದಿ ಚಲನಚಿತ್ರಗಳ ಹಾಡುಗಳಲ್ಲಿ ಕಂಡ ಹಸಿರು ಇಳಿಜಾರುಗಳು. ಪ್ರವಾಸ ಸಂಸ್ಥೆಗಳ ಬಸ್ಸುಗಳು ಈ ಪಟ್ಟಿಯನ್ನು ಮೂರು ದಿನಗಳಲ್ಲಿ ಮುಗಿಸಿ ಮುಂದಿನ ದೇಶಕ್ಕೆ ಹೊರಟುಬಿಡುತ್ತವೆ. ಯುಂಗ್‌ಫ್ರೌ ಪರ್ವತಸ್ತೋಮದ ದಕ್ಷಿಣ ಮಗ್ಗುಲಲ್ಲಿ, ಈ ಬಸ್ಸುಗಳ ದಾರಿಯಿಂದ ದೂರವಾಗಿ, ಮತ್ತೊಂದು ಕಣಿವೆ ಇದೆ. ಅದರ ಹೆಸರು ಲ್ಯೋಚೆನ್‌ಟಾಲ್. ಜರ್ಮನ್ ಭಾಷೆಯಲ್ಲಿ ‘ಟಾಲ್’ ಎಂದರೆ ಕಣಿವೆ.

ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಬೇಸಿಗೆಯಲ್ಲಿ ದನಗಳೊಂದಿಗೆ ಮೇಲೇರುವ ಕುಟುಂಬಗಳು, ಚಳಿಗಾಲದ ಕೊನೆಯಲ್ಲಿ ಬೀದಿಗಿಳಿಯುವ ಮುಖವಾಡಗಳು ಮತ್ತು ಹಿಮನದಿಯ ಬುಡದವರೆಗೆ ಸಾಗುವ ಕಾಲುದಾರಿಗಳಿಂದ ಈ ಕಣಿವೆ ಹೆಸರಾಗಿದೆ. 2025ರ ಮೇ 28ರಂದು ಇಲ್ಲಿನ ಬ್ಲಾಟೆನ್ ಎಂಬ ಹಳ್ಳಿ ಬಂಡೆ ಮತ್ತು ಮಂಜುಗಡ್ಡೆಯ ರಾಶಿಯಡಿ ಹೂತುಹೋದಾಗ ಲ್ಯೋಚೆನ್‌ಟಾಲ್‌ನ ಹೆಸರು ಜಗತ್ತಿನೆಲ್ಲೆಡೆ ಕೇಳಿಬಂದಿತು. ಆ ದಿನದ ಚಿತ್ರಗಳನ್ನು ಕಂಡವರು ಬಹಳ ಮಂದಿ. ಆದರೆ ಅಲ್ಲಿ ಏನಿತ್ತು, ಏನು ಉಳಿದಿದೆ, ಅಪಾಯದ ನೆರಳಿನಲ್ಲಿ ಜನ ಶತಮಾನಗಳ ಕಾಲ ಹೇಗೆ ಬಾಳಿದರು ಎಂಬುದನ್ನು ಅರಿತವರು ಕಡಿಮೆ. ಈ ಕಣಿವೆಗೆ ಹೋಗಬಯಸುವವರು ಇವನ್ನೆಲ್ಲ ಮೊದಲೇ ತಿಳಿದು ಹೋಗುವುದು ಉಚಿತ.

ಎಲ್ಲಿದೆ ಈ ಕಣಿವೆ?

ಲ್ಯೋಚೆನ್‌ಟಾಲ್ ಇರುವುದು ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದ ವಾಲೆ ಪ್ರಾಂತ್ಯದಲ್ಲಿ. ವಾಲೆ ಎಂಬುದು ಫ್ರೆಂಚ್ ಹೆಸರು. ಜರ್ಮನ್ ಮಾತನಾಡುವ ಈ ಭಾಗದ ಜನ ತಮ್ಮ ಪ್ರಾಂತ್ಯವನ್ನು ವಾಲಿಸ್ ಎನ್ನುತ್ತಾರೆ. ಕಣಿವೆಯ ತಲೆಯಲ್ಲಿರುವ ಲಾಂಗ್ ಹಿಮನದಿಯಲ್ಲಿ ಹುಟ್ಟುವ ಲೋನ್ಜಾ ನದಿ ನೈಋತ್ಯಕ್ಕೆ ಹರಿದು, ಗೊಪ್ಪೆನ್‌ಸ್ಟೈನ್ ಬಳಿ ದಕ್ಷಿಣಕ್ಕೆ ತಿರುಗಿ, ಕಡಿದಾದ ಕಮರಿಯೊಂದರ ಮೂಲಕ ಇಳಿದು ರೋನ್ ನದಿಯನ್ನು ಸೇರುತ್ತದೆ. ಇದೇ ನದಿಯ ನೀರಿನಿಂದ ವಿದ್ಯುತ್ ಉತ್ಪಾದಿಸಲು 1897ರಲ್ಲಿ ಗಾಂಪೆಲ್ ಎಂಬಲ್ಲಿ ಸ್ಥಾಪನೆಯಾದ ಕಂಪೆನಿ ನದಿಯ ಹೆಸರನ್ನೇ ಇಟ್ಟುಕೊಂಡಿತು. ಅದೇ ಇಂದಿನ ಲೋನ್ಜಾ ಔಷಧ ತಯಾರಿಕಾ ಸಂಸ್ಥೆ. ಕೋವಿಡ್ ಕಾಲದಲ್ಲಿ ಮಾಡೆರ್ನಾ ಲಸಿಕೆಯ ಮೂಲ ಘಟಕವನ್ನು ಈ ಸಂಸ್ಥೆ ತಯಾರಿಸಿದ್ದು ಸಮೀಪದ ವಿಸ್ಪ್ ಪಟ್ಟಣದಲ್ಲಿ.

ಕಣಿವೆಯಲ್ಲಿ ನಾಲ್ಕು ಗ್ರಾಮಗಳಿವೆ. ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಫೆರ್ಡೆನ್, ಕಿಪ್ಪೆಲ್, ವೀಲರ್ ಮತ್ತು ಬ್ಲಾಟೆನ್. ಮೊದಲ ಎರಡು ಸಮುದ್ರಮಟ್ಟದಿಂದ ಸುಮಾರು 1,375 ಮೀಟರ್ ಎತ್ತರದಲ್ಲಿದ್ದರೆ, ವೀಲರ್ 1,419 ಮೀಟರ್ ಹಾಗೂ ಬ್ಲಾಟೆನ್ 1,540 ಮೀಟರ್ ಎತ್ತರದಲ್ಲಿವೆ. 2025ರ ದುರಂತಕ್ಕೆ ಮುನ್ನ ನಾಲ್ಕೂ ಗ್ರಾಮಗಳ ಒಟ್ಟು ಜನಸಂಖ್ಯೆ ಸುಮಾರು 1,500. ನಮ್ಮ ರಾಜ್ಯದ ಒಂದು ಸಾಧಾರಣ ಹಳ್ಳಿಯಲ್ಲೇ ಇದಕ್ಕಿಂತ ಹೆಚ್ಚು ಜನರಿರುತ್ತಾರೆ.

ಕಣಿವೆಯ ದಕ್ಷಿಣಕ್ಕೆ 3,934 ಮೀಟರ್ ಎತ್ತರದ ಬಿಯೆಚ್‌ಹಾರ್ನ್ ಶಿಖರ ಪಿರಮಿಡ್ಡಿನಂತೆ ಎದ್ದು ನಿಂತಿದೆ. 1859ರಲ್ಲಿ ಇದನ್ನು ಮೊದಲ ಬಾರಿಗೆ ಏರಿದವರು ಇಂಗ್ಲಿಷ್ ಲೇಖಕ ಲೆಸ್ಲಿ ಸ್ಟೀಫನ್ ಮತ್ತು ಅವರ ಸ್ಥಳೀಯ ಮಾರ್ಗದರ್ಶಿಗಳು. ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಇದೇ ಸ್ಟೀಫನ್ ಅವರ ಪುತ್ರಿ. ಯುಂಗ್‌ಫ್ರೌ, ಆಲೆಚ್ ಹಿಮನದಿ ಮತ್ತು ಬಿಯೆಚ್‌ಹಾರ್ನ್ ಒಳಗೊಂಡ ಪ್ರದೇಶವನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2007ರಲ್ಲಿ ಈ ಪ್ರದೇಶದ ಗಡಿಯನ್ನು ವಿಸ್ತರಿಸಲಾಯಿತು.

ಮುಚ್ಚಿದ ಬಾಗಿಲು, ತೆರೆದ ಸುರಂಗ

ಶತಮಾನಗಳ ಕಾಲ ಈ ಕಣಿವೆಗೆ ಹೊರಜಗತ್ತಿನೊಂದಿಗೆ ಇದ್ದ ಸಂಪರ್ಕ ಎರಡೇ. ಒಂದು, ಹಿಮಕುಸಿತದ ಭಯವಿದ್ದ ಕೆಳಗಿನ ಕಮರಿಯ ದಾರಿ. ಇನ್ನೊಂದು, ಉತ್ತರದ ಬರ್ನ್ ಪ್ರಾಂತ್ಯಕ್ಕೆ ದಾಟಿಸುವ, ಸುಮಾರು 2,690 ಮೀಟರ್ ಎತ್ತರದ ಲ್ಯೋಚೆನ್‌ಪಾಸ್ ಎಂಬ ಘಟ್ಟ. ಈ ಘಟ್ಟದ ಹಿಮದಲ್ಲಿ 1930 ಮತ್ತು 40ರ ದಶಕಗಳಲ್ಲಿ ಮರದ ಬಿಲ್ಲುಗಳು ಸಿಕ್ಕಿದವು. ಅವು ಕಂಚಿನ ಯುಗದ ಆರಂಭ ಕಾಲದವು ಎಂಬುದು ಆನಂತರ ಖಚಿತವಾಯಿತು. ಅಂದರೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಮನುಷ್ಯರು ಈ ಹಿಮದ ದಾರಿಯಲ್ಲಿ ಓಡಾಡುತ್ತಿದ್ದರು. ಬಿಲ್ಲುಗಳನ್ನು ಕಂಡವರು ಕಿಪ್ಪೆಲ್‌ನಲ್ಲಿ ನೆಲೆಸಿದ್ದ ಚಿತ್ರಕಾರ ಆಲ್ಬರ್ಟ್ ನ್ಯುಫೆಲರ್ (1883–1969). ಕಣಿವೆಯ ಜನಜೀವನವನ್ನು ಬಣ್ಣ ಹಾಗೂ ಛಾಯಾಚಿತ್ರಗಳಲ್ಲಿ ದಾಖಲಿಸಿದವರೂ ಅವರೇ.

ಕಣಿವೆಯ ಬಾಗಿಲು ತೆರೆದದ್ದು ರೈಲು. ಬರ್ನ್ ಮತ್ತು ವಾಲೆ ಪ್ರಾಂತ್ಯಗಳ ನಡುವಿನ ಪರ್ವತವನ್ನು ಕೊರೆದು 14.6 ಕಿ.ಮೀ. ಉದ್ದದ ಲ್ಯೋಚ್‌ಬರ್ಗ್ ಸುರಂಗ ನಿರ್ಮಿಸುವ ಕಾರ್ಯ 1906ರಲ್ಲಿ ಆರಂಭವಾಗಿ, 1913ರಲ್ಲಿ ರೈಲು ಸಂಚಾರಕ್ಕೆ ಮುಕ್ತವಾಯಿತು. ಇದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. 1908ರ ಫೆಬ್ರುವರಿ 29ರಂದು ಗೊಪ್ಪೆನ್‌ಸ್ಟೈನ್‌ನ ನಿರ್ಮಾಣ ಶಿಬಿರದ ಮೇಲೆ ಹಿಮಕುಸಿತ ಎರಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಜುಲೈ 24ರಂದು ಸುರಂಗದ ಉತ್ತರ ಭಾಗದಲ್ಲಿ, ಮೇಲಿನ ಕಾಂಡರ್ ನದಿಯ ತಳದ ಮರಳು ಮತ್ತು ನೀರು ಒಮ್ಮೆಲೇ ಒಳನುಗ್ಗಿ 25 ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬಳಿಕ ಆ ಜಾಗವನ್ನು ಬಿಟ್ಟು ಸುರಂಗವನ್ನು ಬಳಸು ಹಾದಿಯಲ್ಲಿ ಕೊರೆಯಲಾಯಿತು.

2007ರಲ್ಲಿ ಇನ್ನೂ ಕೆಳಮಟ್ಟದಲ್ಲಿ 34.6 ಕಿ.ಮೀ. ಉದ್ದದ ಹೊಸ ಸುರಂಗ ಉದ್ಘಾಟನೆಯಾಯಿತು. ವೇಗದ ರೈಲುಗಳು ಈಗ ಅದರಲ್ಲೇ ಸಾಗುತ್ತವೆ. ಅವು ಗೊಪ್ಪೆನ್‌ಸ್ಟೈನ್‌ನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕಣಿವೆಗೆ ಹೋಗುವವರು ಹಳೆಯ ಬೆಟ್ಟದ ಮಾರ್ಗದ ರೈಲನ್ನೇ ಹಿಡಿಯಬೇಕು ಎಂಬುದು ಗಮನಾರ್ಹ.

ಹಳ್ಳಿಯ ರಚನೆಯಲ್ಲೇ ಅಡಗಿದ ಎಚ್ಚರಿಕೆ

ಲ್ಯೋಚೆನ್‌ಟಾಲ್‌ನ ಹಳೆಯ ಮನೆಗಳ ಬುಡ ಕಲ್ಲಿನದು, ಮೇಲ್ಭಾಗ ಲಾರ್ಚ್ ಮರದ ದಿಮ್ಮಿಗಳದು. ಬಣ್ಣ ಬಳಿಯದ ಈ ಮರ ದಶಕಗಳ ಬಿಸಿಲಿಗೆ ಕಡು ಕಂದು, ಕೊನೆಗೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಧಾನ್ಯದ ಕಣಜಗಳನ್ನು ಕಂಬಗಳ ಮೇಲೆ ನಿಲ್ಲಿಸಿ, ಕಂಬಕ್ಕೂ ಕಣಜಕ್ಕೂ ನಡುವೆ ದುಂಡನೆಯ ಚಪ್ಪಡಿ ಕಲ್ಲು ಇಟ್ಟಿರುತ್ತಾರೆ. ಇಲಿಗಳು ಆ ಕಲ್ಲಿನ ಅಂಚನ್ನು ದಾಟಿ ಮೇಲೇರಲಾರವು.

ಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ಏಕಿವೆ ಎಂದು ಮೊದಲ ಬಾರಿಗೆ ಬಂದವರಿಗೆ ಅಚ್ಚರಿಯಾಗುತ್ತದೆ. ಸುತ್ತ ಇಷ್ಟೊಂದು ಬಯಲಿದ್ದರೂ ಹಳ್ಳಿ ಮಾತ್ರ ಮುಷ್ಟಿಯಂತೆ ಮುದುಡಿದೆ. ಇದಕ್ಕೆ ಕಾರಣಗಳು ಎರಡು. ಸಮತಟ್ಟಾದ, ಹುಲ್ಲು ಬೆಳೆಯುವ ನೆಲ ಅಮೂಲ್ಯ. ಜೊತೆಗೆ, ಹಿಮಕುಸಿತ ಇಳಿಯುವ ದಾರಿಗಳನ್ನು ಹಿರಿಯರು ತಲೆಮಾರುಗಳಿಂದ ಗುರುತಿಸಿ, ಆ ದಾರಿಗಳಲ್ಲಿ ಮನೆ ಕಟ್ಟದೆ ಬಿಟ್ಟಿದ್ದರು. ಬಯಲಾಗಿ ಕಾಣುವ ಪಟ್ಟಿಗಳು ಎಷ್ಟೋ ಕಡೆ ಹಿಮಕ್ಕೆ ಬಿಟ್ಟುಕೊಟ್ಟ ಜಾಗಗಳು.

ಆಲ್ಪ್ಸ್ ಹಳ್ಳಿಗಳ ಮೇಲಿನ ಇಳಿಜಾರಿನ ಕಾಡಿಗೂ ಇದೇ ಅರ್ಥವಿದೆ. ಹಿಮವನ್ನು ತಡೆಯುವ ಇಂತಹ ಕಾಡಿನಲ್ಲಿ ಮರ ಕಡಿಯುವುದು ಹಿಂದಿನಿಂದಲೂ ನಿಷಿದ್ಧ. ಇದಕ್ಕೆ ‘ಬಾನ್‌ವಾಲ್ಡ್’, ಅಂದರೆ ನಿಷೇಧದ ಕಾಡು ಎಂದು ಹೆಸರು. 1876ರಲ್ಲಿ ಸ್ವಿಸ್ ಒಕ್ಕೂಟ ಸರ್ಕಾರವೇ ಎತ್ತರದ ಪರ್ವತ ಪ್ರದೇಶದ ಕಾಡುಗಳ ರಕ್ಷಣೆಗೆ ಕಾನೂನು ತಂದಿತು. ಹಿಮಕುಸಿತದ ಅಪಾಯವನ್ನು ಅರಿತು ನಿಭಾಯಿಸುವ ಈ ತಲೆಮಾರುಗಳ ಜ್ಞಾನವನ್ನು ಸ್ವಿಟ್ಜರ್ಲೆಂಡ್ ಹಾಗೂ ಆಸ್ಟ್ರಿಯಾಗಳ ಜಂಟಿ ಪರಂಪರೆಯಾಗಿ ಯುನೆಸ್ಕೊ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡು, ಕುಣಿತ, ಕಸೂತಿಗಳಂತೆಯೇ ಅಪಾಯವನ್ನು ಓದುವ ವಿದ್ಯೆಯೂ ಸಂಸ್ಕೃತಿ ಎಂಬುದಕ್ಕೆ ಇದು ಮನ್ನಣೆ.

ಹಾಗೆಂದು ಈ ಜ್ಞಾನ ಎಲ್ಲವನ್ನೂ ತಡೆಯಲಿಲ್ಲ. 1900ರಲ್ಲಿ ವೀಲರ್ ಗ್ರಾಮದ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಅಂಟಿಕೊಂಡ ಮರದ ಮನೆಗಳು ಹಿಮದಿಂದ ಉಳಿದರೂ ಬೆಂಕಿಗೆ ಸುಲಭ ತುತ್ತು. 1999ರ ಫೆಬ್ರುವರಿಯಲ್ಲಿ ಆಲ್ಪ್ಸ್‌ನಾದ್ಯಂತ ಹಿಮಕುಸಿತಗಳು ಸಂಭವಿಸಿದಾಗ ಕಣಿವೆ ಹೊರಗಿನ ಸಂಪರ್ಕವನ್ನೇ ಕಳೆದುಕೊಂಡಿತು. 2011ರ ಅಕ್ಟೋಬರ್‌ನಲ್ಲಿ ಲೋನ್ಜಾ ಉಕ್ಕಿ ಮೇಲ್ಕಣಿವೆಯ ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು. ಪ್ರತಿ ಬಾರಿಯೂ ಜನ ಮತ್ತೆ ಕಟ್ಟಿದರು.

ಹುಲ್ಲು, ಹಾಲು, ರೊಟ್ಟಿ

ಇಲ್ಲಿನ ಬದುಕು ನಡೆದದ್ದು ದನ ಮತ್ತು ರೈ ಧಾನ್ಯದ ಮೇಲೆ. ಜೂನ್‌ನಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಬೇಸಿಗೆ ಪೂರ್ತಿ ಅಲ್ಲೇ ಹಾಲು ಕರೆದು ಗಿಣ್ಣು ತಯಾರಿಸಿ, ಸೆಪ್ಟೆಂಬರ್‌ನಲ್ಲಿ ಕೆಳಗಿಳಿಯುವುದು ವಾಡಿಕೆ. ಆ ಎತ್ತರದ ಹುಲ್ಲುಗಾವಲಿಗೇ ‘ಆಲ್ಪ್’ ಎಂದು ಹೆಸರು. ಊರಿನ ಹೆಸರುಗಳ ಕೊನೆಯಲ್ಲಿ ‘ಆಲ್ಪ್’ ಬಂದರೆ ಅದು ಮೂಲತಃ ಬೇಸಿಗೆ ಕೊಟ್ಟಿಗೆಗಳ ಜಾಗವೆಂದು ತಿಳಿಯಬೇಕು. ಸ್ವಿಟ್ಜರ್ಲೆಂಡಿನ ಈ ಬೇಸಿಗೆ ಮೇವಿನ ಪದ್ಧತಿಯೂ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ.

ಹುಲ್ಲುಗಾವಲು ಯಾರೊಬ್ಬರ ಸ್ವತ್ತಲ್ಲ, ಊರಿನದು. ಇದೇ ಪ್ರಾಂತ್ಯದ ಮತ್ತೊಂದು ಹಳ್ಳಿಯಾದ ಟೋರ್ಬೆಲ್‌ನಲ್ಲಿ 1517ರಿಂದಲೇ ಒಂದು ನಿಯಮವಿತ್ತು. ಚಳಿಗಾಲದಲ್ಲಿ ತನ್ನ ಸ್ವಂತ ಮೇವಿನಿಂದ ಎಷ್ಟು ದನಗಳನ್ನು ಸಾಕಬಲ್ಲನೋ ಅಷ್ಟನ್ನು ಮಾತ್ರ ಒಬ್ಬ ರೈತ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಊರಿನ ಸ್ವತ್ತನ್ನು ಊರವರೇ ಕಾಪಾಡಬಲ್ಲರು ಎಂಬುದಕ್ಕೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತೆ ಎಲಿನರ್ ಆಸ್ಟ್ರಮ್ 1990ರ ತಮ್ಮ ಕೃತಿಯಲ್ಲಿ ಉದಾಹರಿಸಿದ್ದು ಈ ಹಳ್ಳಿಯನ್ನೇ. ನಮ್ಮ ಗೋಮಾಳಗಳ ಸ್ಥಿತಿಯನ್ನು ಬಲ್ಲವರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ.

1930ರ ದಶಕದ ಆರಂಭದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕನ್ ದಂತವೈದ್ಯರು ಲ್ಯೋಚೆನ್‌ಟಾಲ್‌ಗೆ ಬಂದು ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದರು. ರೈ ರೊಟ್ಟಿ, ಹಾಲು ಮತ್ತು ಗಿಣ್ಣನ್ನೇ ತಿನ್ನುತ್ತಿದ್ದ ಮಕ್ಕಳಲ್ಲಿ ಹುಳುಕು ಹಲ್ಲು ಅಪರೂಪವೆಂದು ಅವರು 1939ರ ತಮ್ಮ ಪುಸ್ತಕದಲ್ಲಿ ಬರೆದರು. ಅವರ ತೀರ್ಮಾನಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಸಕ್ಕರೆ ಮತ್ತು ಮೈದಾ ಇನ್ನೂ ಹೆಚ್ಚಾಗಿ ತಲುಪದಿದ್ದ ಕಣಿವೆಯೊಂದರ ಚಿತ್ರ ಅದರಲ್ಲಿ ಉಳಿದಿದೆ.

ಮುಖವಾಡ ಮತ್ತು ಮೆರವಣಿಗೆ

ಕಣಿವೆಯ ಅತ್ಯಂತ ಪ್ರಸಿದ್ಧ ಆಚರಣೆ ‘ಚೆಗ್ಗೆಟ್ಟೆ’. ಫೆಬ್ರುವರಿ 2ರ ಮೇಣದಬತ್ತಿ ಹಬ್ಬದ ನಂತರ ಆರಂಭವಾಗಿ, ಕ್ರೈಸ್ತರ ತಪಸ್ಸು ಕಾಲದ ಮುನ್ನಾದಿನವಾದ ಮಂಗಳವಾರದವರೆಗೆ ಇದು ನಡೆಯುತ್ತದೆ. ಮರದಲ್ಲಿ ಕೆತ್ತಿದ ಭೀಕರ ಮುಖವಾಡ ತೊಟ್ಟು, ಕುರಿ ಅಥವಾ ಮೇಕೆಯ ಚರ್ಮ ಹೊದ್ದು, ಸೊಂಟಕ್ಕೆ ದನದ ಗಂಟೆ ಕಟ್ಟಿಕೊಂಡವರು ಬೀದಿಯಲ್ಲಿ ಎದುರಾದವರನ್ನು ಹಿಡಿದು ಮುಖಕ್ಕೆ ಹಿಮ ಉಜ್ಜುತ್ತಾರೆ. ಹಿಂದೆ ಅವಿವಾಹಿತ ಯುವಕರಿಗೆ ಮಾತ್ರ ಮೀಸಲಾಗಿದ್ದ ಈ ವೇಷವನ್ನು ಇಂದು ಇತರರೂ ಹಾಕುತ್ತಾರೆ. ತಪಸ್ಸು ಕಾಲಕ್ಕೆ ಮುಂಚಿನ ಗುರುವಾರ ರಾತ್ರಿ ಬ್ಲಾಟೆನ್‌ನಿಂದ ಫೆರ್ಡೆನ್‌ವರೆಗೆ ವೇಷಧಾರಿಗಳ ಓಟ ನಡೆಯುವುದು ರೂಢಿಯಾಗಿತ್ತು. ಇದರ ಮೂಲದ ಬಗ್ಗೆ ಹಲವು ಕಥೆಗಳಿದ್ದರೂ ಯಾವುದಕ್ಕೂ ದೃಢ ಆಧಾರವಿಲ್ಲ.

ಬೇಸಿಗೆಯ ಆಚರಣೆಯ ಸ್ವರೂಪವೇ ಬೇರೆ. ಕಾರ್ಪಸ್ ಕ್ರಿಸ್ಟಿ ಹಬ್ಬದಂದು ‘ದೇವರ ಗ್ರೆನೇಡಿಯರು’ಗಳು ಬಿಳಿ ಷರಾಯಿ, ಕೆಂಪು ಅಂಗಿ, ಎತ್ತರದ ಟೋಪಿಗಳಲ್ಲಿ ಮೆರವಣಿಗೆ ಹೊರಡುತ್ತಾರೆ. ಬಡ ಕಣಿವೆಗಳ ಯುವಕರು ನೇಪಲ್ಸ್ ಮುಂತಾದ ಪರರಾಜ್ಯಗಳ ಸೈನ್ಯಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಕಾಲದ ನೆನಪು ಈ ಸಮವಸ್ತ್ರಗಳಲ್ಲಿದೆ. ಈಸ್ಟರ್ ಮರುದಿನದ ಸೋಮವಾರ ಫೆರ್ಡೆನ್‌ನಲ್ಲಿ ನಡೆಯುವ ‘ಸ್ಪೆಂಡ್’ ಸಹ ವಿಶಿಷ್ಟ. ಹಿಂದಿನ ಬೇಸಿಗೆಯಲ್ಲಿ ಹುಲ್ಲುಗಾವಲಿನ ಹಾಲಿನಿಂದ ತಯಾರಿಸಿಟ್ಟ ಗಿಣ್ಣನ್ನು ರೊಟ್ಟಿ ಮತ್ತು ದ್ರಾಕ್ಷಾರಸದೊಂದಿಗೆ ಅಂದು ಹಂಚಲಾಗುತ್ತದೆ. ಬೇರೆ ಋತುವಿನಲ್ಲಿ ಹೋಗುವವರು ಕಿಪ್ಪೆಲ್‌ನ ವಸ್ತುಸಂಗ್ರಹಾಲಯದಲ್ಲಿ ಮುಖವಾಡಗಳು ಮತ್ತು ಹಳೆಯ ಬಳಕೆಯ ವಸ್ತುಗಳನ್ನು ನೋಡಬಹುದು. ಇದು 1982ರಲ್ಲಿ ಆರಂಭವಾಯಿತು.

2025ರ ಮೇ 28

ಬ್ಲಾಟೆನ್‌ನ ಮೇಲೆ, ಬಿಯೆಚ್‌ಹಾರ್ನ್‌ನ ಪಕ್ಕದಲ್ಲಿ, ಕ್ಲೈನೆಸ್ ನೆಸ್ಟ್‌ಹಾರ್ನ್ ಎಂಬ ಶಿಖರವೂ ಅದರ ಬುಡದಲ್ಲಿ ಬಿರ್ಖ್ ಎಂಬ ಚಿಕ್ಕ ಹಿಮನದಿಯೂ ಇದ್ದವು. ಹಿಮಕುಸಿತದ ಅಪಾಯವಿದ್ದ ಕಾರಣ ಈ ಹಿಮನದಿಯ ಮೇಲೆ 1990ರ ದಶಕದಿಂದಲೇ ನಿಗಾ ಇಡಲಾಗಿತ್ತು. 2025ರ ಮೇ ಮಧ್ಯಭಾಗದಲ್ಲಿ ಶಿಖರದ ಬಂಡೆಗಳು ಬಿರುಕುಬಿಟ್ಟು ಹಿಮನದಿಯ ಮೇಲೆ ಬೀಳತೊಡಗಿದವು. ಲಕ್ಷಾಂತರ ಟನ್ ಭಾರ ಹೊತ್ತ ಹಿಮನದಿ ಕೆಳಮುಖವಾಗಿ ವೇಗವಾಗಿ ಸರಿಯಲಾರಂಭಿಸಿತು. ಮೇ 19ರಂದು ಸುಮಾರು 300 ನಿವಾಸಿಗಳಿಗೆ ಊರು ಬಿಡುವಂತೆ ಆದೇಶಿಸಲಾಯಿತು. ಜಾನುವಾರುಗಳನ್ನೂ ಸಾಗಿಸಲಾಯಿತು.

ಒಂಬತ್ತು ದಿನಗಳ ಬಳಿಕ, ಮೇ 28ರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಇಡೀ ಹಿಮನದಿ ಕಳಚಿ ಬಿದ್ದಿತು. ಬಂಡೆ, ಮಂಜುಗಡ್ಡೆ ಮತ್ತು ಕೆಸರಿನ ರಾಶಿ ಊರಿನ ಶೇ 90ರಷ್ಟನ್ನು ನಾಶಗೊಳಿಸಿತು. ಲೋನ್ಜಾ ನದಿಗೆ ಅಡ್ಡಗಟ್ಟೆಯಾಗಿ ನಿಂತ ಆ ರಾಶಿಯ ಹಿಂದೆ ಕೆರೆ ಸೃಷ್ಟಿಯಾಗಿ, ಉಳಿದಿದ್ದ ಮನೆಗಳನ್ನೂ ನೀರು ಆವರಿಸಿತು. ತೆರವುಗೊಳಿಸಿದ ವಲಯದ ಹೊರಗಿದ್ದ 64 ವರ್ಷದ ವ್ಯಕ್ತಿಯೊಬ್ಬರು ಮೃತಪಟ್ಟರು. ಊರಿಗೆ ಊರೇ ಹೋದರೂ ಊರಿನ ಜನ ಉಳಿದರು.

ಎತ್ತರದ ಬಂಡೆಗಳ ಬಿರುಕುಗಳಲ್ಲಿ ವರ್ಷಪೂರ್ತಿ ಕರಗದೆ ಉಳಿಯುವ ಮಂಜುಗಡ್ಡೆ ಗಾರೆಯಂತೆ ಬಂಡೆಗಳನ್ನು ಹಿಡಿದಿಡುತ್ತದೆ. ತಾಪಮಾನ ಏರಿದಂತೆ ಈ ಗಾರೆ ಸಡಿಲವಾಗುತ್ತದೆ. ಬ್ಲಾಟೆನ್‌ನ ಘಟನೆಗೆ ಬಂಡೆಯ ರಚನೆ ಸೇರಿದಂತೆ ಹಲವು ಕಾರಣಗಳಿದ್ದು, ಹವಾಮಾನ ಬದಲಾವಣೆಯ ಪಾಲನ್ನು ಮಾತ್ರ ಪ್ರತ್ಯೇಕಿಸಿ ಅಳೆಯುವುದು ಕಷ್ಟ. ಆದರೆ ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಸುಮಾರು ಶೇ 10ರಷ್ಟನ್ನು ಕಳೆದುಕೊಂಡಿವೆ ಎಂಬುದು ಅಳತೆಯಿಂದ ದೃಢಪಟ್ಟ ಸತ್ಯ.

ನಮ್ಮ ದೇಶವೂ ಇಂತಹ ದುರಂತವನ್ನು ಕಂಡಿದೆ. 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ಬಂಡೆ ಮತ್ತು ಮಂಜುಗಡ್ಡೆಯ ಬೃಹತ್ ತುಂಡು ಕಳಚಿ ಬಿದ್ದು, ಪ್ರವಾಹ ಉಂಟಾಗಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಹೆಚ್ಚಿನವರು ಜಲವಿದ್ಯುತ್ ಯೋಜನೆಗಳ ಕಾರ್ಮಿಕರು. ಅಲ್ಲಿ ಮುನ್ಸೂಚನೆ ಇರಲಿಲ್ಲ. ಬ್ಲಾಟೆನ್‌ನಲ್ಲಿ ನೂರಾರು ಜೀವಗಳನ್ನು ಉಳಿಸಿದ್ದು ಪರ್ವತವನ್ನು ದಿನವೂ ನೋಡುವ ಕಣ್ಣು ಮತ್ತು ಆದೇಶ ಬಂದೊಡನೆ ಮನೆಗೆ ಬೀಗ ಹಾಕಿ ಹೊರಡುವ ಶಿಸ್ತು.

ಚಾರಣದ ದಾರಿಗಳು

ಕಣಿವೆಯ ಅತ್ಯಂತ ಹೆಸರಾದ ದಾರಿ ‘ಹೋಯೆನ್‌ವೆಗ್’, ಅಂದರೆ ಎತ್ತರದ ಹಾದಿ. ವೀಲರ್‌ನಿಂದ ಕೇಬಲ್ ಕಾರ್‌ನಲ್ಲಿ 1,968 ಮೀಟರ್ ಎತ್ತರದ ಲೌಖೆರ್ನ್‌ಆಲ್ಪ್‌ಗೆ ಏರಿದರೆ, ಅಲ್ಲಿಂದ ಬಿಸಿಲಿನ ಮಗ್ಗುಲಲ್ಲಿ ಬೇಸಿಗೆ ಹಟ್ಟಿಗಳನ್ನು ದಾಟುತ್ತ ಪೂರ್ವದ ಫಾಫ್ಲರ್‌ಆಲ್ಪ್‌ವರೆಗೆ (1,787 ಮೀಟರ್) ಮೂರರಿಂದ ನಾಲ್ಕು ಗಂಟೆಗಳ ನಡಿಗೆ. ದಾರಿಯುದ್ದಕ್ಕೂ ಎದುರಿಗೆ ಬಿಯೆಚ್‌ಹಾರ್ನ್. ಫಾಫ್ಲರ್‌ಆಲ್ಪ್ ಇರುವುದು ಬ್ಲಾಟೆನ್‌ಗಿಂತ ಮೇಲೆ. ಹೀಗಾಗಿ 2025ರ ಘಟನೆಯ ನಂತರ ಮೇಲ್ಕಣಿವೆಯ ರಸ್ತೆ ಮತ್ತು ಕಾಲುದಾರಿಗಳ ಸ್ಥಿತಿ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಯಾವ ಭಾಗ ತೆರೆದಿದೆ ಎಂಬುದನ್ನು ಕಣಿವೆಯ ಪ್ರವಾಸಿ ಕಚೇರಿಯಲ್ಲಿ ವಿಚಾರಿಸದೆ ಹೊರಡಬಾರದು.

ಲೌಖೆರ್ನ್‌ಆಲ್ಪ್‌ನಿಂದ ಪಶ್ಚಿಮಕ್ಕೆ ಹೋಗುವ ದಾರಿಯೂ ಅಷ್ಟೇ ಸೊಗಸು. ಹೊಕ್ಕೆನ್‌ಆಲ್ಪ್, ಕುಮ್ಮೆನ್‌ಆಲ್ಪ್‌ಗಳ ಮೂಲಕ ಸಾಗಿ, ಕಪ್ಪು ಮರದ ಗುಡಿಸಲುಗಳ ನಡುವೆ ಪುಟ್ಟ ಪ್ರಾರ್ಥನಾ ಮಂದಿರವಿರುವ ಫಾಲ್ಡುಮ್‌ಆಲ್ಪ್ ತಲುಪಿ, ಫೆರ್ಡೆನ್‌ಗೆ ಇಳಿಯಬಹುದು. ಇದು ಬ್ಲಾಟೆನ್‌ನಿಂದ ದೂರದ ಕೆಳಕಣಿವೆಯ ದಾರಿ.

ಅನುಭವಿಗಳಿಗೆ ಲ್ಯೋಚೆನ್‌ಪಾಸ್ ಇದೆ. ಉತ್ತರದ ಕಾಂಡರ್‌ಸ್ಟೆಗ್ ಕಡೆಯಿಂದ ಹತ್ತಿ, ಘಟ್ಟದ ತಂಗುಮನೆಯಲ್ಲಿ ರಾತ್ರಿ ಕಳೆದು, ಮರುದಿನ ಫೆರ್ಡೆನ್ ಕಡೆ ಇಳಿಯುವುದು ರೂಢಿ. ದಾರಿಯಲ್ಲಿ ಹಿಮನದಿಯ ಒಂದು ಭಾಗವನ್ನು ದಾಟಬೇಕು. ಯುಂಗ್‌ಫ್ರೌಯೋಖ್‌ನಿಂದ ಸುಮಾರು 3,170 ಮೀಟರ್ ಎತ್ತರದ ಲ್ಯೋಚೆನ್‌ಲ್ಯುಕ್ಕೆ ದಾಟಿ ಈ ಕಣಿವೆಗೆ ಇಳಿಯುವ ಹಿಮನದಿ ಮಾರ್ಗವೂ ಪ್ರಸಿದ್ಧ. ಅದು ಮಾರ್ಗದರ್ಶಿ, ಹಗ್ಗ ಮತ್ತು ಪರ್ವತಾರೋಹಣದ ಅನುಭವ ಇರುವವರಿಗೆ ಮಾತ್ರ.

ಸುಲಭದ ದಾರಿ ಬೇಕೆನ್ನುವವರು ಕಣಿವೆಯ ಹೊರಗೆ, ಹೋಟೆನ್ ನಿಲ್ದಾಣದಿಂದ ಔಸರ್‌ಬರ್ಗ್‌ ಕಡೆಗೆ ಹಳೆಯ ರೈಲುಮಾರ್ಗದ ಮಗ್ಗುಲಲ್ಲೇ ನಡೆಯಬಹುದು. ಕೆಳಗೆ ರೋನ್ ಬಯಲು, ಪಕ್ಕದಲ್ಲಿ ‘ಸುವೋನೆನ್’ ಎನ್ನುವ ಹಳೆಯ ನೀರಾವರಿ ಕಾಲುವೆಗಳು. ಮಳೆ ಕಡಿಮೆಯಿರುವ ಈ ಇಳಿಜಾರುಗಳಿಗೆ ಹಿಮನದಿಯ ನೀರನ್ನು ಹರಿಸಲು ಕಟ್ಟಿದ ಕಾಲುವೆಗಳಿವು.

ತಲುಪುವುದು ಹೇಗೆ?

ಜ್ಯೂರಿಕ್ ಅಥವಾ ಜಿನೀವಾ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಬರ್ನ್, ಅಲ್ಲಿಂದ ಸ್ಪೀಟ್ಸ್. ಸ್ಪೀಟ್ಸ್‌ನಲ್ಲಿ ಕಾಂಡರ್‌ಸ್ಟೆಗ್ ಮೂಲಕ ಬ್ರಿಗ್‌ಗೆ ಹೋಗುವ ಹಳೆಯ ಮಾರ್ಗದ ರೈಲು ಹಿಡಿದು ಗೊಪ್ಪೆನ್‌ಸ್ಟೈನ್‌ನಲ್ಲಿ ಇಳಿಯಬೇಕು. ಮುಂದೆ ಹಳ್ಳಿಗಳಿಗೆ ಹಳದಿ ಬಣ್ಣದ ಅಂಚೆ ಬಸ್ಸು. ಬಸ್ಸು ಎಲ್ಲಿಯವರೆಗೆ ಓಡುತ್ತದೆ ಎಂಬುದನ್ನು ಅಂದಿನ ವೇಳಾಪಟ್ಟಿಯಲ್ಲೇ ನೋಡಿಕೊಳ್ಳಬೇಕು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು ಮತ್ತು ಅಂಚೆ ಬಸ್ಸು ಎರಡಕ್ಕೂ ಪ್ರತ್ಯೇಕ ಟಿಕೆಟ್ ಬೇಕಿಲ್ಲ. ಭಾರತೀಯರಿಗೆ ಷೆಂಗೆನ್ ವೀಸಾ ಅಗತ್ಯ.

ಪ್ರವಾಸಿಗರ ಗಮನಕ್ಕೆ

* ಚಾರಣಕ್ಕೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಅಂತ್ಯದವರೆಗಿನ ಕಾಲ ಸೂಕ್ತ. ಮಧ್ಯಾಹ್ನದ ನಂತರ ಗುಡುಗು ಮಳೆ ಸಾಮಾನ್ಯವಾದ್ದರಿಂದ ಬೆಳಗ್ಗೆ ಬೇಗ ಹೊರಡಬೇಕು.
* ಹಳದಿ ಗುರುತು ಎಲ್ಲರೂ ನಡೆಯಬಲ್ಲ ದಾರಿಗೆ, ಬಿಳಿ–ಕೆಂಪು–ಬಿಳಿ ಗುರುತು ಬೆಟ್ಟದ ದಾರಿಗೆ, ಬಿಳಿ–ನೀಲಿ–ಬಿಳಿ ಗುರುತು ಪರ್ವತಾರೋಹಿಗಳ ದಾರಿಗೆ. ಫಲಕದಲ್ಲಿರುವ ಸಮಯದಲ್ಲಿ ವಿಶ್ರಾಂತಿಯ ಅವಧಿ ಸೇರಿಲ್ಲ.
* ಹಿಮಮಿಶ್ರಿತ ಗುಂಡುಕಲ್ಲುಗಳ ದಾರಿಗೆ ಹಿಡಿತವಿರುವ ಬೂಟು ಬೇಕು. ಸಾಮಾನ್ಯ ಓಟದ ಶೂಗಳು ಸಾಲವು.
* ತುರ್ತು ವೈದ್ಯಕೀಯ ನೆರವಿಗೆ ದೂರವಾಣಿ ಸಂಖ್ಯೆ 144. ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆ 112.
* ಸಸ್ಯಾಹಾರಿಗಳಿಗೆ ರೈ ರೊಟ್ಟಿ, ಕರಗಿಸಿದ ಗಿಣ್ಣಿನ ರಾಕ್ಲೆಟ್, ಆಲೂಗಡ್ಡೆಯ ರೋಸ್ಟಿ ಸಿಗುತ್ತವೆ. ಸಾಂಪ್ರದಾಯಿಕ ಗಿಣ್ಣಿಗೆ ಕರುವಿನ ಜಠರದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿ ತಿಳಿಯುವುದು ಒಳಿತು.
* ಎತ್ತರದ ತಂಗುಮನೆಗಳಿಗೆ ಸ್ವಿಸ್ ಫ್ರಾಂಕ್ ನಗದು ಜೊತೆಗಿರಲಿ. ಮೊದಲೇ ಹಾಸಿಗೆ ಕಾದಿರಿಸಬೇಕು.
* ದಾರಿಯಲ್ಲಿನ ದನದ ಬೇಲಿಗಳನ್ನು ದಾಟಿದ ಮೇಲೆ ಮುಚ್ಚಬೇಕು. ಕರು ಜೊತೆಗಿರುವ ಹಸುವಿನ ಬಳಿ ಹೋಗಬಾರದು.
* ಮುಚ್ಚಿದೆ ಎಂಬ ಫಲಕವಿರುವ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು. ಈ ಕಣಿವೆಯಲ್ಲಿ ಅಂತಹ ಫಲಕ ಔಪಚಾರಿಕತೆಯಲ್ಲ.

ಮತ್ತೆ ಕಟ್ಟುವ ಊರು

ಬ್ಲಾಟೆನ್ ಅನ್ನು ಈ ದಶಕದ ಅಂತ್ಯದೊಳಗೆ ಮರುನಿರ್ಮಿಸಬೇಕೆಂಬುದು ಅಲ್ಲಿನ ಗ್ರಾಮಾಡಳಿತದ ಸಂಕಲ್ಪ. ಕೆಲವು ನೂರು ಜನರ ಹಳ್ಳಿಗಾಗಿ ಇಷ್ಟೊಂದು ಹಣ ವ್ಯಯಿಸಬೇಕೆ, ಬಿಸಿಯೇರುತ್ತಿರುವ ಪರ್ವತಗಳ ಅಡಿಯಲ್ಲಿ ಜನ ವಾಸಿಸಬೇಕೆ ಎಂಬ ಪ್ರಶ್ನೆ ಸ್ವಿಟ್ಜರ್ಲೆಂಡಿನಲ್ಲೇ ಎದ್ದಿದೆ. ಜನ ಬಿಟ್ಟುಹೋದರೆ ಹುಲ್ಲುಗಾವಲು ಕುರುಚಲು ಕಾಡಾಗುತ್ತದೆ, ಕಾಲುದಾರಿ ಮುಚ್ಚಿಹೋಗುತ್ತದೆ, ಪರ್ವತವನ್ನು ನೋಡುತ್ತಿದ್ದ ಕಣ್ಣುಗಳೂ ಇಲ್ಲವಾಗುತ್ತವೆ ಎಂಬುದು ಇನ್ನೊಂದು ಬದಿಯ ವಾದ. ಎರಡೂ ಮಾತುಗಳಲ್ಲಿ ಹುರುಳಿದೆ.

ಪ್ರವಾಸಿಗರು ಈ ಪ್ರಶ್ನೆಗೆ ತೀರ್ಪು ಕೊಡಬೇಕಿಲ್ಲ. ಆದರೆ ಅವರು ಅದರಿಂದ ಹೊರಗೂ ಇಲ್ಲ. ಕಲ್ಲುರಾಶಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಅದೇ ಸಂಜೆ ಮರಳುವವರಿಂದ ಕಣಿವೆಗೆ ಏನೂ ದಕ್ಕದು. ಕಿಪ್ಪೆಲ್‌ನಲ್ಲೋ ವೀಲರ್‌ನಲ್ಲೋ ಎರಡು ರಾತ್ರಿ ತಂಗಿ, ಊರಿನ ಅಂಗಡಿಯ ರೊಟ್ಟಿ ಕೊಂಡು, ತೆರೆದಿರುವ ದಾರಿಯಲ್ಲಿ ನಡೆದು, ಮುಚ್ಚಿರುವ ದಾರಿಯನ್ನು ಗೌರವಿಸುವವರು ಅಲ್ಲಿ ಉಳಿದಿರುವವರ ಬದುಕಿಗೆ ನೆರವಾಗುತ್ತಾರೆ. ಬ್ಲಾಟೆನ್‌ನ ಜನ ಮೊದಲು ತಂಗಿದ್ದೂ ಅದೇ ನೆರೆಯ ಊರುಗಳಲ್ಲಿ.